ಕಲಿಯೂ ಯುದ್ಧಖೋರನೂ: ಒಂದು ಶಬ್ದವಿಚಾರ

ವಾಕ್ಕು ಮತ್ತು ಅರ್ಥ ಇವೆರಡೂ ಪಾರ್ವತೀಪರಮೇಶ್ವರರಂತೆ ಅಗಲಲಾರದವುಗಳೆಂದು ಕಾಳಿದಾಸ ಮಹಾಕವಿಯು ರಘುವಂಶದ ಆರಂಭದಲ್ಲಿಯೇ ಭಾವಿಸಿದ್ದಾನೆ. ಆದರೆ ಲೋಕವ್ಯವಹಾರದಲ್ಲಿ ಈ ದಾಂಪತ್ಯಕ್ಕೂ ಒಮ್ಮೊಮ್ಮೆ ವಿರಸವುಂಟಾಗುವುದುಂಟು. ಶಬ್ದವು ಒಂದೆಡೆಗೆ, ಅರ್ಥವು ಇನ್ನೊಂದೆಡೆಗೆ ನಡೆದಾಗ ಕೆಡುವುದು ಭಾಷೆ ಮಾತ್ರವಲ್ಲ, ಅದನ್ನಾಡುವ ಜನರ ವಿವೇಕವೂ ಕೆಡುತ್ತದೆ. ಅಂತಹ ಒಂದು ಶಬ್ದವನ್ನು ಕುರಿತು ಈ ಸ್ಮರಣ ಸಂಚಿಕೆಯ ವಾಚಕರೊಡನೆ ನಾಲ್ಕು ಮಾತುಗಳನ್ನು ಹಂಚಿಕೊಳ್ಳಬೇಕೆಂದು ಬಯಸುತ್ತೇನೆ. ಆ ಶಬ್ದವೇ 'ಯುದ್ಧಖೋರ'.

ಕಳೆದ ವರ್ಷ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ವೃತ್ತಪತ್ರಿಕೆಯ ತುಣುಕೊಂದನ್ನು ಹಿಡಿದು ಬಂದು, "ಪಂಡಿತರೇ, ಯುದ್ಧಖೋರ ಎಂದರೆ ಶೂರ ಎಂದೇ ಅರ್ಥವಲ್ಲವೆ?" ಎಂದು ಕೇಳಿದನು. ನಾನು ನಕ್ಕು, "ಅಲ್ಲಪ್ಪ, ಎರಡಕ್ಕೂ ಅಜಗಜಾಂತರ" ಎಂದೆನು. "ಹಾಗಾದರೆ ವ್ಯತ್ಯಾಸವೇನು?" ಎಂದು ಅವನು ಮತ್ತೆ ಕೇಳಿದಾಗ ಒಂದೇ ಮಾತಿನಲ್ಲಿ ಉತ್ತರಿಸಲು ನನಗೆ ಸಾಧ್ಯವಾಗಲಿಲ್ಲ. ಅಂದು ಅವನಿಗೆ ಹೇಳಲಾರದೆ ಹೋದುದನ್ನು ಇಲ್ಲಿ ಬರೆಯಲು ಯತ್ನಿಸಿದ್ದೇನೆ.

ಮೊದಲು ಶಬ್ದದ ಹುಟ್ಟನ್ನು ನೋಡೋಣ. 'ಯುದ್ಧ' ಎಂಬುದು ಸಂಸ್ಕೃತದ 'ಯುಧ್' ಧಾತುವಿನಿಂದ ಬಂದದ್ದು. 'ಖೋರ' ಎಂಬುದು ಪಾರಸೀ ಭಾಷೆಯ ಪ್ರತ್ಯಯ. ತಿನ್ನು ಎಂಬ ಅರ್ಥವುಳ್ಳ ಆ ಭಾಷೆಯ ಧಾತುವಿನಿಂದ ಹುಟ್ಟಿದ್ದು. ಆದುದರಿಂದ ಯುದ್ಧಖೋರನೆಂದರೆ ಅಕ್ಷರಶಃ ಯುದ್ಧವನ್ನು ತಿನ್ನುವವನು, ಯುದ್ಧದಿಂದಲೇ ಹೊಟ್ಟೆ ಹೊರೆಯುವವನು ಎಂದಾಗುತ್ತದೆ. ಇದೇ ಪ್ರತ್ಯಯವು ಮಹಾಪ್ರಾಣವನ್ನು ಕಳೆದುಕೊಂಡು 'ಕೋರ' ಎಂಬ ರೂಪದಲ್ಲಿ ನಮ್ಮ ನುಡಿಯೊಳಗೆ ಬಹುಕಾಲದಿಂದ ಓಡಾಡಿಕೊಂಡಿದೆ. ದರೋಡೆಕೋರ, ಲಂಚಕೋರ, ಚಾಡಿಕೋರ, ಸಂಚುಕೋರ, ದಂಗೆಕೋರ, ಕಾಳಸಂತೆಕೋರ ಎಂಬ ಮಾತುಗಳನ್ನು ಅರಿಯದವರು ಯಾರು? ಈ ಸಾಲನ್ನು ಒಮ್ಮೆ ಗಮನಿಸಬೇಕು. ಕನ್ನಡಿಗನು ಈ ಪ್ರತ್ಯಯವನ್ನು ಕೆಟ್ಟ ಕಸುಬುಗಳಿಗೆ ಹಚ್ಚಿದ್ದಾನೆಯೇ ಹೊರತು ಒಳ್ಳೆಯ ಗುಣಕ್ಕೆ ಹಚ್ಚಿಲ್ಲ. ದಾನಕೋರನೆಂದು ಯಾರೂ ಹೇಳಿದವರಿಲ್ಲ, ಸತ್ಯಕೋರನೆಂದು ಯಾರೂ ಕೇಳಿದವರಿಲ್ಲ. ಹೀಗಿರುವಲ್ಲಿ ಯುದ್ಧಖೋರನು ಯಾರ ಪಂಕ್ತಿಯಲ್ಲಿ ಕುಳಿತಿದ್ದಾನೆಂಬುದು ಸ್ವಯಂವೇದ್ಯವಾಗಿದೆ.

ನಮ್ಮವರ ಕಿವಿಗೆ 'ಕೋರ' ಎಂಬುದು 'ಕೋರು' ಎಂಬ ಅಚ್ಚಗನ್ನಡ ಕ್ರಿಯಾಪದದಂತೆಯೂ ಕೇಳಿಸುತ್ತದೆ. ಯುದ್ಧವನ್ನು ಕೋರುವವನು ಯುದ್ಧಕೋರನೆಂದು ಅರ್ಥಮಾಡಿಕೊಳ್ಳುವವರು ಉಂಟು. ಇದು ವ್ಯುತ್ಪತ್ತಿಯ ದೃಷ್ಟಿಯಿಂದ ತಪ್ಪಾದರೂ ಅರ್ಥದ ದೃಷ್ಟಿಯಿಂದ ಅಷ್ಟೇನೂ ದೂರವಲ್ಲ. ಕೋರುವವನಿಗೂ ತಿನ್ನುವವನಿಗೂ ನಡುವೆ ಇರುವುದು ಎಲೆ ಹಾಕುವಷ್ಟು ಅಂತರ ಮಾತ್ರ.

ವೈಯಾಕರಣರಿಗೆ ಇಲ್ಲಿ ಇನ್ನೊಂದು ಸ್ವಾರಸ್ಯವೂ ಕಾಣುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಬೆಸೆದು ಸಮಾಸ ಮಾಡಬಾರದೆಂದು ವಿಧಿಸಿ, ಹಾಗೆ ಮಾಡಿದರೆ ಅದು 'ಅರಿಸಮಾಸ'ವೆಂಬ ದೋಷವಾಗುವುದೆಂದಿದ್ದಾನೆ. ಬಿರುದಾವಳಿಯೇ ಮೊದಲಾದ ಕೆಲವು ಎಡೆಗಳಲ್ಲಿ ಮಾತ್ರ ಪೂರ್ವಪ್ರಯೋಗವನ್ನು ನೋಡಿ ವಿನಾಯಿತಿಯಿತ್ತಿದ್ದಾನೆ. ಅರಿ ಎಂದರೆ ಶತ್ರು. ಒಂದರೊಡನೊಂದು ಒಗ್ಗದ ಪದಗಳ ಕೂಟಕ್ಕೆ ಅವನು ಒಪ್ಪಿದ ಹೆಸರಿದು. ಸಂಸ್ಕೃತ ಪ್ರಕೃತಿಗೆ ಪಾರಸೀ ಪ್ರತ್ಯಯವನ್ನು ಹಚ್ಚಿದ 'ಯುದ್ಧಖೋರ'ವನ್ನು ಕಂಡಿದ್ದರೆ ಕೇಶಿರಾಜನು ಏನೆನ್ನುತ್ತಿದ್ದನೋ! ಆದರೆ ಲೋಕವು ಲಕ್ಷಣಗ್ರಂಥವನ್ನು ಕೇಳಿ ಶಬ್ದಗಳನ್ನು ಹುಟ್ಟಿಸುವುದಿಲ್ಲ. ಕಲಹಪ್ರಿಯನ ಹೆಸರಿನೊಳಗೇ ಎರಡು ಭಾಷೆಗಳು ಮಲೆತು ನಿಂತಿರುವುದು ಒಂದು ಬಗೆಯಲ್ಲಿ ಉಚಿತವೇ ಆಗಿದೆ.

ಇದೇ ಅರ್ಥಕ್ಕೆ ಪತ್ರಿಕಾಭಾಷೆಯಲ್ಲಿ ಬಳಕೆಯಾಗುವ ಇನ್ನೊಂದು ಮಾತು 'ಯುದ್ಧೋನ್ಮಾದ'. ಅಲಂಕಾರಶಾಸ್ತ್ರವನ್ನು ಅಭ್ಯಾಸ ಮಾಡಿದವರಿಗೆ ಈ ಮಾತಿನ ಔಚಿತ್ಯವು ತಟ್ಟನೆ ಹೊಳೆಯುತ್ತದೆ. ಭರತಮುನಿಯ ನಾಟ್ಯಶಾಸ್ತ್ರದ ಪ್ರಕಾರ ವೀರರಸಕ್ಕೆ ಸ್ಥಾಯಿಭಾವವು ಉತ್ಸಾಹ, ರೌದ್ರರಸಕ್ಕೆ ಕ್ರೋಧ. ಉನ್ಮಾದವಾದರೋ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲೊಂದು. ಬಂದು ಹೋಗುವಂತಹುದು, ನೆಲೆ ನಿಲ್ಲತಕ್ಕುದಲ್ಲ. ವೀರರಸವು ಉತ್ತಮ ಪ್ರಕೃತಿಯವರಲ್ಲಿ ಹುಟ್ಟುವುದೆಂದು ಹೇಳಿ, ಅದಕ್ಕೆ ವಿಭಾವಗಳನ್ನು ಎಣಿಸುವಾಗ ಭರತನು ಮೊಟ್ಟಮೊದಲು ಹೆಸರಿಸುವುದು ಬಲವನ್ನಲ್ಲ, ಪರಾಕ್ರಮವನ್ನೂ ಅಲ್ಲ, ಅಸಂಮೋಹವನ್ನು. ಎಂದರೆ ಮನಸ್ಸು ಮಂಕಾಗದಿರುವುದನ್ನು, ತಾನೇನು ಮಾಡುತ್ತಿರುವೆನೆಂಬ ಅರಿವು ತಪ್ಪದಿರುವುದನ್ನು. ಆ ಬಳಿಕ ದೃಢನಿಶ್ಚಯ, ನಯ, ವಿನಯಗಳು ಬರುತ್ತವೆ. ಬಲಪರಾಕ್ರಮಗಳು ಬರುವುದು ಅವುಗಳ ಬೆನ್ನಿಗೆ. ವಿನಯವನ್ನು ವೀರದ ಕಾರಣಗಳಲ್ಲಿ ಸೇರಿಸಿದ ಈ ಪ್ರಾಚೀನರ ದೃಷ್ಟಿಯು ಎಷ್ಟು ಸೂಕ್ಷ್ಮವಾದುದು! ಅಸಂಮೋಹವಿದ್ದಲ್ಲಿ ಉನ್ಮಾದವಿರಲಾರದು. ಆದುದರಿಂದ ಯುದ್ಧೋನ್ಮಾದವು ವೀರರಸದ ಅತಿರೇಕವಲ್ಲ, ಅದರ ಅಭಾವ. ಈ ಒಂದು ಮಾತನ್ನು ನಮ್ಮ ಅಧ್ಯಾಪಕ ಬಂಧುಗಳು ವಿಶೇಷವಾಗಿ ಮನನ ಮಾಡಬೇಕೆಂದು ನನ್ನ ಪ್ರಾರ್ಥನೆ.

ಪಾಶ್ಚಾತ್ಯರಲ್ಲಿಯೂ ಈ ಅರ್ಥಕ್ಕೆ ಶಬ್ದಗಳುಂಟು. ಅವುಗಳ ಜನ್ಮವೃತ್ತಾಂತವು ವಿನೋದಕರವಾಗಿದೆ. 1877-78ರಲ್ಲಿ ರಷ್ಯಕ್ಕೂ ತುರ್ಕಿಗೂ ಯುದ್ಧ ನಡೆದಾಗ ಇಂಗ್ಲೆಂಡು ತುರ್ಕಿಯ ಪಕ್ಷವಹಿಸಿ ರಣರಂಗಕ್ಕಿಳಿಯಬೇಕೆಂದು ಲಂಡನ್ ನಗರದಲ್ಲಿ ಕೋಲಾಹಲವೆದ್ದಿತು. ಆಗ ಅಲ್ಲಿನ ವಿನೋದಶಾಲೆಗಳಲ್ಲಿ ಮ್ಯಾಕ್‌ಡರ್ಮಟ್ ಎಂಬ ಗಾಯಕನು ಹಾಡುತ್ತಿದ್ದ ಒಂದು ಹಾಡು ಜನಪ್ರಿಯವಾಯಿತು. ಅದರ ಪಲ್ಲವಿಯಲ್ಲಿ 'ಜಿಂಗೊ' ಎಂಬ ಆಣೆಯ ಮಾತೊಂದು ಬರುತ್ತಿತ್ತು. ಅದು ಹದಿನೇಳನೆಯ ಶತಮಾನದಲ್ಲಿ ಜಾದೂಗಾರರು ಬಳಸುತ್ತಿದ್ದ, ಗೊತ್ತಾದ ಅರ್ಥವಿಲ್ಲದ ಉದ್ಗಾರ. ಜಾರ್ಜ್ ಜೇಕಬ್ ಹೋಲಿಯೋಕ್ ಎಂಬ ಸುಧಾರಕನು 1878ರ ಮಾರ್ಚ್ ತಿಂಗಳಲ್ಲಿ 'ಡೈಲಿ ನ್ಯೂಸ್' ಪತ್ರಿಕೆಗೆ ಬರೆದ ಪತ್ರದಲ್ಲಿ ಈ ಗದ್ದಲಗಾರರನ್ನು ಜಿಂಗೊಗಳೆಂದು ಹಾಸ್ಯ ಮಾಡಿದನು. ಅಂದಿನಿಂದ 'ಜಿಂಗೊಯಿಸಂ' ಎಂಬ ಶಬ್ದವು ಇಂಗ್ಲಿಷಿನಲ್ಲಿ ಸ್ಥಿರವಾಯಿತು. ಫ್ರೆಂಚರ 'ಶೋವಿನಿಸಂ' ಎಂಬುದೂ ಇಂತಹುದೇ. ನೆಪೋಲಿಯನ್ನನ ಸೇನೆಯಲ್ಲಿದ್ದು ಹಲವು ಗಾಯಗಳನ್ನುಂಡರೂ ಚಕ್ರವರ್ತಿಯ ಗುಣಗಾನವನ್ನು ಬಿಡದ ಶೋವೆಂ ಎಂಬ ಸೈನಿಕನ ಹೆಸರಿನಿಂದ ಅದು ಬಂದಿತೆನ್ನುತ್ತಾರೆ. ಅಂತಹ ವ್ಯಕ್ತಿಯೊಬ್ಬನು ನಿಜವಾಗಿ ಇದ್ದನೆಂಬುದಕ್ಕೆ ಆಧಾರ ದೊರೆತಿಲ್ಲ. ಆದರೆ 1831ರಲ್ಲಿ ಪ್ಯಾರಿಸ್ಸಿನ ರಂಗಸ್ಥಳದ ಮೇಲೆ ಬಂದ ಪ್ರಹಸನವೊಂದರಲ್ಲಿ ಅವನು ಪಾತ್ರವಾಗಿ ಕಾಣಿಸಿಕೊಂಡನು.

ಎರಡು ಶಬ್ದಗಳೂ ರಂಗಸ್ಥಳದಿಂದ ಇಳಿದು ಬಂದವು, ಎರಡೂ ನಗೆಗೆ ವಸ್ತುವಾದವು. ಇದನ್ನು ಓದಿದಾಗ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯವನಿಗೆ ನೆನಪಾಗದಿರಲು ಸಾಧ್ಯವೆ, ನಮ್ಮ ರಂಗಸ್ಥಳದ ಉತ್ತರಕುಮಾರ? ಮಂದಾರ್ತಿ, ಮಾರಣಕಟ್ಟೆ ಮೇಳಗಳ ಆಟವನ್ನು ಇರುಳೆಲ್ಲ ನೋಡಿ ಬೆಳೆದ ನಮಗೆ ಇಂಗ್ಲೆಂಡಿನ ಜಿಂಗೊವಾಗಲಿ ಫ್ರಾನ್ಸಿನ ಶೋವೆಂ ಆಗಲಿ ಬೇಕಾಗಿಯೇ ಇಲ್ಲ. 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆಯಲ್ಲಿ ಕನ್ನಡಿಗನು ಆ ಇಡೀ ವಿಷಯವನ್ನು ಹೇಳಿ ಮುಗಿಸಿದ್ದಾನೆ.

ಆ ಕಥೆಯನ್ನು ತುಸು ನಿಧಾನವಾಗಿ ನೋಡಬೇಕು. ಕೌರವರು ವಿರಾಟನ ಗೋವುಗಳನ್ನು ಹಿಡಿದರೆಂಬ ಸುದ್ದಿ ಬಂದಾಗ ಉತ್ತರನಿದ್ದುದು ಅಂತಃಪುರದಲ್ಲಿ, ಹೆಂಗಳೆಯರ ನಡುವೆ. ಭೀಷ್ಮದ್ರೋಣರನ್ನು ಗೆದ್ದು ಬರುವೆನೆಂದು ಅವನು ಅಲ್ಲಿ ಕೊಚ್ಚಿಕೊಳ್ಳುತ್ತಾನೆ. ಕೊರತೆಯಾಗಿರುವುದು ಒಬ್ಬ ಸಾರಥಿ ಮಾತ್ರವೆನ್ನುತ್ತಾನೆ. ಹುಡುಗಿಯರು ಸೋತವರ ಬಣ್ಣದ ಬಟ್ಟೆಗಳನ್ನು ತಮ್ಮ ಬೊಂಬೆಗಳಿಗಾಗಿ ತರಬೇಕೆಂದು ಬೇಡುತ್ತಾರೆ. ಎಂತಹ ಮರ್ಮಭೇದಕ ಚಿತ್ರ! ಯುದ್ಧವೆಂದರೆ ಬೊಂಬೆಗೆ ಬಟ್ಟೆ ತರುವ ಸಂಭ್ರಮವೆಂದು ತಿಳಿದವರ ನಡುವೆ ನಿಂತು ಪೌರುಷವನ್ನಾಡುವುದು ಸುಲಭ. ಆದರೆ ರಥವು ಸಾಗಿ ಕುರುಸೇನೆಯು ಕಣ್ಣಿಗೆ ಬಿದ್ದೊಡನೆ ಉತ್ತರನು ಇಳಿದು ಓಡುತ್ತಾನೆ. ಇಷ್ಟನ್ನು ಎಲ್ಲರೂ ಬಲ್ಲರು, ನಗುತ್ತಾರೆ. ಮುಂದಿನದನ್ನು ಮಾತ್ರ ಮರೆಯುತ್ತಾರೆ. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನನು ಅವನನ್ನು ಹಿಡಿದು ತಂದು, ಹೀನಾಯವಾಗಿ ಮಾತನಾಡದೆ ಧೈರ್ಯ ಹೇಳಿ, ತನ್ನ ರಥಕ್ಕೆ ಸಾರಥಿಯನ್ನಾಗಿ ಮಾಡಿಕೊಳ್ಳುತ್ತಾನೆ. ಉತ್ತರನು ಆ ದಿನ ಯುದ್ಧವನ್ನು ಹತ್ತಿರದಿಂದ ಕಾಣುತ್ತಾನೆ. ಮರಳಿ ಬಂದಾಗ ತಂದೆಯು ಮಗನ ವಿಜಯವೆಂದು ಹಿಗ್ಗುತ್ತಿದ್ದರೆ, ಗೆದ್ದವನು ತಾನಲ್ಲವೆಂದು ಸತ್ಯವನ್ನೇ ನುಡಿಯುತ್ತಾನೆ. ಕುರುಕ್ಷೇತ್ರ ಯುದ್ಧದ ಮೊದಲ ದಿನವೇ ಶಲ್ಯನೊಡನೆ ಹೋರಾಡಿ ಮಡಿಯುತ್ತಾನೆ. ಆಗ ಅವನು ಕೊಚ್ಚಿಕೊಂಡದ್ದನ್ನು ಕಥೆಯು ಹೇಳುವುದಿಲ್ಲ. ಒಲೆಯ ಮುಂದಿನ ಪೌರುಷದಿಂದ ರಣದ ಮರಣದವರೆಗೆ ಅವನು ನಡೆದ ದಾರಿಯೇ ಶಿಕ್ಷಣವೆಂದು ನಾನು ತಿಳಿಯುತ್ತೇನೆ.

ಇನ್ನು ನಮ್ಮ ನಾಡು ನಿಜವಾದ ಶೌರ್ಯವನ್ನು ಹೇಗೆ ಗೌರವಿಸಿತೆಂಬುದನ್ನು ನೋಡೋಣ. ಅದಕ್ಕೆ ಸಾಕ್ಷಿ ಹೇಳುವವು ಕಲ್ಲುಗಳು. ಕನ್ನಡದ ಪ್ರಾಚೀನ ಶಾಸನಗಳಲ್ಲಿ ಅಗ್ರಗಣ್ಯವಾದ, ಐದನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ಹಲ್ಮಿಡಿ ಶಾಸನವು ಕಾಳಗದಲ್ಲಿ ಪರಾಕ್ರಮವನ್ನು ಮೆರೆದವನಿಗೆ ಇತ್ತ ದತ್ತಿಯ ದಾಖಲೆ. ಅಲ್ಲಿ 'ಬಾಳ್ಗಳ್ಚು' ಎಂಬ ಶಬ್ದವಿದೆ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಕತ್ತಿಯನ್ನು ತೊಳೆದು ಕೊಡುವ ಕೊಡುಗೆಯದು. ಕತ್ತಿಯನ್ನು ಹಿರಿಯುವಾಗಲ್ಲ, ಕಾಳಗವು ಮುಗಿದು ಅದನ್ನು ತೊಳೆಯುವಾಗ ಸಂದ ಗೌರವವದು. ಮಡಿದವನ ಕುಟುಂಬಕ್ಕೆ ಬಿಟ್ಟ ಭೂಮಿಗೆ 'ನೆತ್ತರುಗೊಡಗೆ' ಎಂಬ ಹೆಸರಿತ್ತು. ಮೆರವಣಿಗೆಯ ಜಯಕಾರವು ಮರುದಿನಕ್ಕೆ ಉಳಿಯದು. ನೆತ್ತರುಗೊಡಗೆಯು ಮಡಿದವನ ಮಡದಿಮಕ್ಕಳಿಗೆ ಅನ್ನವಾಗಿ ಉಳಿಯುತ್ತಿತ್ತು.

ನಾಡಿನ ಉದ್ದಗಲಕ್ಕೂ ಹಬ್ಬಿರುವ ವೀರಗಲ್ಲುಗಳು ಯಾರ ಸ್ಮಾರಕಗಳು? ಅವುಗಳಲ್ಲಿ ಎಷ್ಟೋ ಕಲ್ಲುಗಳು ಸಾಮ್ರಾಜ್ಯಗಳನ್ನು ಗೆದ್ದವರವಲ್ಲ. ಶಾಸನಗಳು ಬಳಸುವ ಮಾತುಗಳನ್ನು ಕೇಳಿರಿ: ತುರುಗೊಳ್, ಊರಳಿವು, ಪೆಣ್ಬುಯ್ಯಲ್. ದನಗಳನ್ನು ಅಟ್ಟಿಕೊಂಡು ಹೋದಾಗ, ಊರಿಗೆ ಅಳಿವು ಬಂದಾಗ, ಹೆಣ್ಣಿನ ಮೊರೆ ಕೇಳಿದಾಗ ಅಡ್ಡನಿಂತು ಮಡಿದ ಸಾಮಾನ್ಯರ ಕಲ್ಲುಗಳು ಅವು. ವಿರಾಟನಗರದ ಗೋಗ್ರಹಣವೂ ಒಂದು ತುರುಗೊಳ್ ತಾನೆ! ಕಲ್ಲಿನ ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನೊಯ್ಯುವ ದೃಶ್ಯ, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಅವನು ಕೈಮುಗಿದು ಕುಳಿತಿರುವುದು. ಯುದ್ಧವು ಇರುವುದು ಕೆಳಗಣ ಮೆಟ್ಟಿಲಲ್ಲಿ. ಶಾಂತಿಯು ಇರುವುದು ಮೇಲೆ. ಕ್ರಿ.ಶ. 949-50ರ ಆತಕೂರು ಶಾಸನವಂತೂ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯನ್ನೂ ಸ್ಮರಿಸುತ್ತದೆ. ಕೆಚ್ಚು ಕಂಡಲ್ಲಿ ಜಾತಿಕುಲಗಳನ್ನೆಣಿಸದೆ, ಪಶುವೆಂದೂ ನೋಡದೆ ಗೌರವಿಸಿದ ನಾಡಿದು. ಆದರೆ ದೂರದಲ್ಲಿ ಕುಳಿತು ಬೊಬ್ಬೆ ಹೊಡೆದವನಿಗೆ ಕಲ್ಲು ನೆಟ್ಟ ಉದಾಹರಣೆಯನ್ನು ನಾನು ಎಲ್ಲಿಯೂ ಓದಿಲ್ಲ.

ವೀರ ಶಬ್ದವನ್ನು ಕುರಿತು ಈ ವಿದ್ಯಾಸಂಸ್ಥೆಯ ಪರಿಸರದಲ್ಲಿ ಇನ್ನೊಂದು ಮಾತನ್ನು ಹೇಳದಿದ್ದರೆ ಲೋಪವಾದೀತು. ವೀರಶೈವ ಎಂಬಲ್ಲಿಯ ವೀರ ಶಬ್ದವು ಕತ್ತಿ ಹಿಡಿದವನನ್ನು ಹೇಳುವುದಿಲ್ಲ. ಶಿವಜೀವರ ಐಕ್ಯವನ್ನು ಬೋಧಿಸುವ ವಿದ್ಯೆಯು 'ವೀ' ಎನಿಸಿಕೊಳ್ಳುವುದು, ಅದರಲ್ಲಿ ರಮಿಸುವವನು ವೀರನೆಂದು ಸಿದ್ಧಾಂತಶಿಖಾಮಣಿಯು ನಿರ್ವಚನ ಮಾಡುತ್ತದೆ. ಹನ್ನೆರಡನೆಯ ಶತಮಾನದ ಶರಣರೂ ಸೈನಿಕ ಪರಿಭಾಷೆಯನ್ನೇ ಎತ್ತಿಕೊಂಡು ಅದಕ್ಕೆ ಹೊಸ ಜನ್ಮವನ್ನಿತ್ತರು. ಒಡೆಯನಿಗಾಗಿ ಪ್ರಾಣವನ್ನೊಪ್ಪಿಸುವೆನೆಂದು ಪಣತೊಟ್ಟ ಸೇವಕನು 'ಲೆಂಕ'. ಆ ಶಬ್ದವು ಶಿವಲೆಂಕ ಮಂಚಣ್ಣನೆಂಬ ಶರಣನ ಹೆಸರಿನಲ್ಲಿ ಶಿವನ ಪರವಾಗಿ ನಿಂತಿತು. ಉಂಡ ಅನ್ನದ ಋಣವನ್ನು ರಣದಲ್ಲಿ ತೀರಿಸುವ 'ಜೋಳವಾಳಿ'ಯ ಕಲ್ಪನೆಯೂ ಭಕ್ತಿಯ ಭಾಷೆಯೊಳಗೆ ಸೇರಿತು. ನಮ್ಮ ಕರಾವಳಿಯಲ್ಲಿ ಬಂಟನೆಂದರೆ ಶೂರನೂ ಹೌದು, ನಂಬಿಗೆಯ ಸೇವಕನೂ ಹೌದು; ಹನುಮಂತನು ರಾಮನ ಬಂಟ. ಇವೆಲ್ಲವುಗಳಲ್ಲಿ ಒಂದು ಸಮಾನಾಂಶವಿದೆ. ಕೊಡಬೇಕಾದುದು ತನ್ನ ಪ್ರಾಣವೇ ಹೊರತು ಅನ್ಯರದ್ದಲ್ಲ ಎಂಬ ಅರಿವೇ ಆ ಸಮಾನಾಂಶ. ಆಲಂಕಾರಿಕರು ದಾನವೀರ, ಧರ್ಮವೀರ, ಯುದ್ಧವೀರರ ಜೊತೆಗೆ ದಯಾವೀರನನ್ನೂ ಎಣಿಸಿದುದು ಇದರಿಂದಲೇ.

ದಯಾವೀರವೂ ಯುದ್ಧವೀರವೂ ಒಂದೆಡೆ ಸೇರಿದ ನಿದರ್ಶನವು ನಮ್ಮ ಸೀಮೆಯ ಇತಿಹಾಸದಲ್ಲಿಯೇ ಇದೆ. 1665ರಲ್ಲಿ ಶಿವಾಜಿ ಮಹಾರಾಜನು ಸಮುದ್ರಮಾರ್ಗವಾಗಿ ಬಂದು ಬಸರೂರನ್ನು ಕೊಳ್ಳೆ ಹೊಡೆದನು. ಅಂದು ಬಸರೂರು ಕೆಳದಿ ಅರಸರ ರಾಜ್ಯದಲ್ಲಿದ್ದ ಸಂಪದ್ಭರಿತ ಬಂದರು. ಆ ಊರಿನ ವರ್ತಕರಿಗೆ ಅದೆಷ್ಟು ಕಷ್ಟವಾಗಿರಬೇಕೆಂಬುದನ್ನು ನಾವು ಊಹಿಸಿಕೊಳ್ಳಬಹುದು. ಇಪ್ಪತ್ತನಾಲ್ಕು ವರ್ಷಗಳ ತರುವಾಯ, 1689ರಲ್ಲಿ, ಸಂಭಾಜಿಯು ಔರಂಗಜೇಬನ ಕೈಯಲ್ಲಿ ಹತನಾದಾಗ ಶಿವಾಜಿಯ ಕಿರಿಯ ಮಗನಾದ ರಾಜಾರಾಮನು ಜಿಂಜಿಯತ್ತ ಹೋಗುವ ದಾರಿಯಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಶ್ರಯವನ್ನು ಬೇಡಿ ಬಂದನು. ಔರಂಗಜೇಬನ ಕೋಪಕ್ಕೆ ಗುರಿಯಾಗುವುದು ಸಣ್ಣ ಮಾತಲ್ಲ. ಬಸರೂರಿನ ಹಳೆಯ ಕಹಿಯನ್ನು ನೆನೆದು ಬಾಗಿಲು ಮುಚ್ಚಿದ್ದರೆ ಆಡುವವರು ಯಾರೂ ಇರುತ್ತಿರಲಿಲ್ಲ. ಆದರೆ ಆ ವೀರಶೈವ ರಾಣಿಯು ಶರಣಾಗತನನ್ನು ಕಾಪಾಡಿ ಮುಂದಕ್ಕೆ ಸಾಗಿಸಿದಳು. ಅದರ ಫಲವಾಗಿ ಬಂದ ಮೊಗಲ ಸೇನೆಯನ್ನು ಎದುರಿಸಿದಳು. ಹಗೆಯನ್ನು ಮೆಲುಕು ಹಾಕುವುದು ಯುದ್ಧಖೋರನ ಲಕ್ಷಣ. ಹಗೆಯನ್ನು ನುಂಗಿಕೊಂಡು, ಬೇಕಾದಲ್ಲಿ ಕತ್ತಿಯನ್ನೂ ಹಿಡಿಯುವುದು ಚೆನ್ನಮ್ಮಾಜಿಯ ಲಕ್ಷಣ. ಬಸರೂರಿನ ಕಥೆಯನ್ನು ಹೇಳುವವರು ಈ ಎರಡನೆಯ ಅಧ್ಯಾಯವನ್ನೂ ಮಕ್ಕಳಿಗೆ ಹೇಳಬೇಕು.

ಇತ್ತೀಚಿನ ಕಾಲದಲ್ಲಿಯೂ ನಿದರ್ಶನಗಳಿಗೆ ಕೊರತೆಯಿಲ್ಲ. ಕೊಡಗಿನಲ್ಲಿ ಜನಿಸಿದ ಜನರಲ್ ತಿಮ್ಮಯ್ಯನವರು 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. 1948ರಲ್ಲಿ ಕಾಶ್ಮೀರದ ಜೋಜಿಲಾ ಕಣಿವೆಯಲ್ಲಿ ಟ್ಯಾಂಕುಗಳನ್ನು ಏರಿಸಿದ ಸಾಹಸಿಗಳು. ಅಂತಹವರನ್ನು ಜಗತ್ತು ಕರೆದುದು ಯಾವ ಕಾರ್ಯಕ್ಕೆ? ಕೊರಿಯಾ ಯುದ್ಧವು ನಿಂತಾಗ ಉಭಯ ಪಕ್ಷಗಳ ಸೆರೆಯಾಳುಗಳ ವಿಲೇವಾರಿಗಾಗಿ ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಲು; ಬಳಿಕ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ಮುನ್ನಡೆಸಲು. ಆ ಕರ್ತವ್ಯದಲ್ಲಿರುವಾಗಲೇ 1965ರ ಡಿಸೆಂಬರಿನಲ್ಲಿ ಅವರು ದೇಹವಿಟ್ಟರು. ಯುದ್ಧವನ್ನು ಬಲ್ಲವರನ್ನೇ ಶಾಂತಿಯ ಕಾವಲಿಗೆ ಇರಿಸಬೇಕೆಂದು ಲೋಕವು ತಿಳಿದಿತ್ತು.

ಇಲ್ಲಿ ಒಂದು ಆಕ್ಷೇಪವನ್ನು ಸಮಾಧಾನಪಡಿಸಬೇಕು. "ನೀವು ಹೇಳುವುದೆಲ್ಲ ಸರಿ, ಆದರೆ ಯುದ್ಧಖೋರನೆಂಬ ಬೈಗುಳವನ್ನು ದೇಶದ ರಕ್ಷಣೆ ಬೇಕೆನ್ನುವವರ ಮೇಲೆಲ್ಲ ಎಸೆಯುತ್ತಿದ್ದಾರಲ್ಲ" ಎಂದು ಹಿರಿಯ ಮಿತ್ರರೊಬ್ಬರು ನನ್ನೊಡನೆ ವಾದಿಸಿದರು. ಅವರ ಮಾತಿನಲ್ಲಿ ಸತ್ಯವಿದೆ. ಗಡಿಯಲ್ಲಿ ಕಾವಲು ನಿಂತ ಯೋಧನನ್ನಾಗಲಿ, ಸೇನೆಯು ಸನ್ನದ್ಧವಾಗಿರಬೇಕೆಂದು ಹೇಳುವ ನಾಗರಿಕನನ್ನಾಗಲಿ ಆ ಹೆಸರಿನಿಂದ ಕರೆಯುವುದು ಶಬ್ದಾಪರಾಧವಷ್ಟೇ ಅಲ್ಲ, ಕೃತಘ್ನತೆ. ಸಿದ್ಧತೆಯಿಲ್ಲದ ದೇಶಕ್ಕೆ ಏನಾಗುವುದೆಂಬುದನ್ನು 1962ರಲ್ಲಿ ನಾವು ಕಂಡಿದ್ದೇವೆ. ಹೆಸರಿಡುವುದರಲ್ಲಿ ಎಷ್ಟು ಅನ್ಯಾಯವಾಗಬಲ್ಲುದೆಂಬುದಕ್ಕೆ ನಮ್ಮ ಕರಾವಳಿಯೇ ಸಾಕ್ಷಿ. 1837ರಲ್ಲಿ ಸುಳ್ಯದಿಂದ ಹೊರಟು ಮಂಗಳೂರಿನವರೆಗೆ ಬಂದು ಕುಂಪಣಿ ಸರಕಾರವನ್ನು ಎದುರಿಸಿದ ರೈತರ ಹೋರಾಟವು 'ಕಲ್ಯಾಣಪ್ಪನ ಕಾಟಕಾಯಿ' ಎಂಬ ತಿರಸ್ಕಾರದ ಹೆಸರಿನಲ್ಲಿ ಬಹುಕಾಲ ಜನರ ಬಾಯಲ್ಲಿತ್ತು. ಆದುದರಿಂದ ಶಬ್ದವನ್ನು ತೂಗಿ ಬಳಸಬೇಕು.

ತೂಗುವ ತಕ್ಕಡಿ ಯಾವುದು? ನಾನು ವ್ಯಾಕರಣದ ಮೇಷ್ಟರು. ವ್ಯಾಕರಣದಿಂದಲೇ ಒಂದು ಒರೆಗಲ್ಲನ್ನು ಸೂಚಿಸುತ್ತೇನೆ. ನಾನು, ನಾವು ಎಂಬುದು ಉತ್ತಮಪುರುಷ. ನೀನು, ನೀವು ಎಂಬುದು ಮಧ್ಯಮಪುರುಷ. ಅವನು, ಅವರು ಎಂಬುದು ಪ್ರಥಮಪುರುಷ. "ನಾನು ಹೋಗುತ್ತೇನೆ, ಬಂದ ಕಷ್ಟವನ್ನು ನಾನು ಹೊರುತ್ತೇನೆ" ಎನ್ನುವವನು ಕಲಿ. ಅವನ ಮಾತು ಉತ್ತಮಪುರುಷದಲ್ಲಿದೆ. "ಅವರು ಹೋಗಲಿ, ಅವರು ಹೊಡೆಯಲಿ, ಸತ್ತರೆ ಸಾಯಲಿ" ಎನ್ನುವವನ ಮಾತು ಪ್ರಥಮಪುರುಷದಲ್ಲಿದೆ, ಅವನು ಯುದ್ಧಖೋರ. ಮಾತಿನ ಕರ್ತೃವು ಯಾರು, ಅದರ ಬೆಲೆ ತೆರುವವನು ಯಾರು ಎಂದು ಕೇಳಿದರೆ ಸಾಕು, ಎರಡು ಶಬ್ದಗಳೂ ತಾವಾಗಿ ಬೇರೆಯಾಗುತ್ತವೆ. 2025ರ ಮೇ ತಿಂಗಳಿನಲ್ಲಿ ನಮ್ಮ ಸೈನಿಕರು ಗಡಿಯಲ್ಲಿ ನಿಜವಾದ ಗುಂಡುಗಳನ್ನು ಎದುರಿಸುತ್ತಿದ್ದಾಗ, ಕೆಲವು ದೂರದರ್ಶನ ವಾಹಿನಿಗಳು ನಡೆಯದ ವಿಜಯಗಳನ್ನು ಇರುಳೆಲ್ಲ ಸಾರಿದುದನ್ನು ನಾವು ಕಂಡೆವು. ಅಲ್ಲಿ ಮಾತನಾಡುತ್ತಿದ್ದವರಲ್ಲಿ ಎಷ್ಟು ಮಂದಿ ಉತ್ತಮಪುರುಷದಲ್ಲಿ ನುಡಿದರು?

ಈ ಒರೆಗಲ್ಲನ್ನು ನಾನು ಕಲಿತುದು ಪುಸ್ತಕದಿಂದಲ್ಲ, ನನ್ನದೇ ಒಂದು ತಪ್ಪಿನಿಂದ. ಕಾರ್ಗಿಲ್ ಯುದ್ಧ ನಡೆದ 1999ರ ಮಳೆಗಾಲದಲ್ಲಿ, ನಾನು ವೃತ್ತಿಗೆ ಬಂದ ಹೊಸತರಲ್ಲಿ, ಚರ್ಚಾಸ್ಪರ್ಧೆಯೊಂದಕ್ಕೆ ತೀರ್ಪುಗಾರನಾಗಿದ್ದೆನು. ಒಬ್ಬ ಹುಡುಗನು ಮೇಜನ್ನು ಗುದ್ದಿ, ಶತ್ರುದೇಶವನ್ನು ಭೂಪಟದಿಂದಲೇ ಅಳಿಸಬೇಕೆಂದು ಗರ್ಜಿಸಿದನು. ಸಭೆಯು ಚಪ್ಪಾಳೆ ತಟ್ಟಿತು. ಇನ್ನೊಬ್ಬನು ಮೆಲ್ಲನೆ ಮಾತನಾಡಿದನು. ಯುದ್ಧವು ಬೇಗನೆ ಮುಗಿದು ಹೋದವರೆಲ್ಲ ಮನೆಗೆ ಬರಬೇಕೆಂದನು. ಹಿಂದಿನ ಬೆಂಚಿನಿಂದ ಯಾರೋ "ಹೇಡಿ" ಎಂದು ಕೂಗಿದರು. ನಾನು ಗದರಿಸಲಿಲ್ಲ. ಬಹುಮಾನವನ್ನು ಮೊದಲನೆಯವನಿಗೆ ಕೊಟ್ಟೆನು. ಎರಡನೆಯ ಹುಡುಗನ ಅಣ್ಣನು ಆ ದಿನ ಸೇನೆಯಲ್ಲಿ ಮುಂಚೂಣಿಯಲ್ಲಿದ್ದನೆಂಬುದು ನನಗೆ ತಿಳಿದುದು ವಾರವೊಂದು ಕಳೆದ ಮೇಲೆ. ಸ್ಪರ್ಧೆಯ ದಿನದ ಬೆಳಗ್ಗೆಯೂ ಅವನ ತಾಯಿ ಅಂಚೆಯವನ ದಾರಿ ಕಾಯುತ್ತ ಜಗಲಿಯಲ್ಲಿ ಕುಳಿತಿದ್ದಳಂತೆ. ಉತ್ತಮಪುರುಷದಲ್ಲಿ ಮಾತನಾಡಿದವನು ಅವನೊಬ್ಬನೇ. ಅದನ್ನು ಗುರುತಿಸುವಷ್ಟು ವ್ಯಾಕರಣವು ವಿದ್ವತ್ ಪದವಿಯನ್ನು ಪಡೆದಿದ್ದ ನನಗೆ ಬಂದಿರಲಿಲ್ಲ. ಅಣ್ಣನು ಸುರಕ್ಷಿತವಾಗಿ ಮರಳಿದನು. ನಾನು ಆ ಹುಡುಗನಲ್ಲಿ ಕ್ಷಮೆ ಕೇಳುವ ಮೊದಲೇ ಅವನು ಶಾಲೆಯನ್ನು ಬಿಟ್ಟು ಹೋಗಿದ್ದನು.

ಆದುದರಿಂದ ಅಧ್ಯಾಪಕರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ, ದಾನಿಗಳಲ್ಲಿ ನನ್ನದು ಎರಡು ವಿನಂತಿಗಳು. ಮೊದಲನೆಯದು, ಚರ್ಚಾಸ್ಪರ್ಧೆಗಳಲ್ಲಿ ಕಂಠದ ಎತ್ತರಕ್ಕೆ ಅಂಕ ಕೊಡುವುದನ್ನು ನಿಲ್ಲಿಸಿ, ಎದುರಾಳಿಯ ವಾದವನ್ನು ನಿಷ್ಪಕ್ಷಪಾತವಾಗಿ ಹೇಳಿ ಅನಂತರ ಉತ್ತರಿಸಿದವನಿಗೆ ಅಂಕ ಕೊಡೋಣ. ಪೂರ್ವಪಕ್ಷವನ್ನು ಸರಿಯಾಗಿ ಮಂಡಿಸದೆ ಸಿದ್ಧಾಂತವನ್ನು ಹೇಳಬಾರದೆಂಬುದು ನಮ್ಮ ಶಾಸ್ತ್ರಗಳ ಪದ್ಧತಿಯೇ ಆಗಿದೆ. ಎರಡನೆಯದು, ಬಾರಕೂರು ಮುಂತಾದ ಕಡೆಗಳಲ್ಲಿ ಎಷ್ಟೋ ವೀರಗಲ್ಲುಗಳು ಪೊದೆಗಳ ನಡುವೆ, ಗದ್ದೆಯಂಚಿನಲ್ಲಿ ಅನಾಥವಾಗಿ ನಿಂತಿವೆ. ವರ್ಷಕ್ಕೊಮ್ಮೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಅಂತಹ ಒಂದು ಕಲ್ಲಿನ ಬಳಿಗೆ ಕರೆದೊಯ್ಯೋಣ. ಪಾಚಿಯನ್ನು ನೀರಿನಿಂದ ಮೆಲ್ಲನೆ ತೊಳೆದು, ಮೂರು ಪಟ್ಟಿಕೆಗಳನ್ನು ತೋರಿಸಿ, ಈ ಮನುಷ್ಯನು ಯಾರಿಗಾಗಿ ಮಡಿದನೆಂದು ಕೇಳೋಣ. ಪ್ರಯಾಣದ ವೆಚ್ಚವನ್ನು ವಹಿಸಲು ದಾನಿಗಳು ಹಿಂಜರಿಯಲಾರರೆಂದು ನಂಬಿದ್ದೇನೆ. ನಮ್ಮ ಶಾಲೆಯಿಂದ ಸೇನೆಗೆ ಹೋಗಿ ನಿವೃತ್ತರಾದ ಹಳೆಯ ವಿದ್ಯಾರ್ಥಿಗಳು ಅಂದು ಜೊತೆಗಿದ್ದು ನಾಲ್ಕು ಮಾತನಾಡಿದರೆ ಇನ್ನೂ ಉತ್ತಮ.

ಮೊದಲು ಕೇಳಿದ ಆ ವಿದ್ಯಾರ್ಥಿಗೆ ಈಗ ಉತ್ತರ ಹೇಳಬಲ್ಲೆನೆನಿಸುತ್ತದೆ. ಮಗೂ, 'ಕಲಿ' ಎಂಬ ಒಂದೇ ರೂಪದಲ್ಲಿ ಮೂರು ಶಬ್ದಗಳಿವೆ. ಸಂಸ್ಕೃತದಲ್ಲಿ ಅದಕ್ಕೆ ಜಗಳವೆಂದು ಅ‌ರ್ಥ. ಹಳಗನ್ನಡದಲ್ಲಿ ಶೂರನೆಂದು ಅರ್ಥ. ಹಳಗನ್ನಡ ಹೊಸಗನ್ನಡಗಳೆರಡರಲ್ಲಿಯೂ ವಿದ್ಯೆಯನ್ನು ಗ್ರಹಿಸು ಎಂಬ ಕ್ರಿಯಾಪದವೂ ಹೌದು. ಅಂತಃಪುರದಲ್ಲಿ ಉತ್ತರನು ಮೊದಲನೆಯ ಕಲಿಯಾಗಿದ್ದನು. ಅರ್ಜುನನ ರಥದಲ್ಲಿ ಕುಳಿತು ಕಲಿತನು. ಆಮೇಲೆ ಕಲಿಯಾದನು. ಶಾಲೆಯೆಂಬುದು ಇರುವುದು ಆ ನಡುವಣ ಶಬ್ದಕ್ಕಾಗಿ.